ಹೊಸಕೋಟೆಗೆ ಹೊರಟ ಮೀನುಮರಿಗಳು

ನಮ್ಮ ಮೊದಲ ಸಲದ ಮೀನುಮರಿಗಳು ಶಿರಾ ದಾಟುವುದಕ್ಕೆ ಮುಂಚೆಯೇ ಸತ್ತವು.

ಹೊರಟಾಗ ಯಾರೂ ಹಾಗೆಂದುಕೊಂಡಿರಲಿಲ್ಲ. ಬೆರಳುದ್ದದ ರೋಹು ಮರಿಗಳು, ಹೊಟ್ಟೆ ಗುಂಡಗೆ, ಬೆನ್ನಿನ ಮೇಲೆ ಹೊಳಪು. ಮದಲೂರು ಕೆರೆಯ ಏರಿಯ ಕೆಳಗೆ ನಮ್ಮ ಮಹಿಳಾ ಸಂಘಕ್ಕೆ ಪಂಚಾಯಿತಿ ಬಿಟ್ಟುಕೊಟ್ಟ ಎರಡು ಹೊಂಡಗಳಲ್ಲಿ ಅವು ಸಾಸಿವೆಯಷ್ಟಿದ್ದಾಗಿನಿಂದ ಸಾಕಿದ್ದೆವು. ಕಳಿಸುವ ದಿನ ಬೆಳಿಗ್ಗೆ ಎಲ್ಲರೂ ಒಂದೊಂದು ಬೊಗಸೆ ತೌಡು, ಕಡಲೆಕಾಯಿ ಹಿಂಡಿ ಹಾಕಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನಿಂತು ನೋಡಿದ್ದೆವು. ಶಿರಾದ ಮೀನು ವ್ಯಾಪಾರಿ ಇಜಾಜಣ್ಣ ಅವನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಆಕ್ಸಿಜನ್ ಬಿಟ್ಟು, ಬಾಯಿ ಕಟ್ಟಿ ಟೆಂಪೊಗೆ ಹೇರಿಕೊಂಡು ಹೋದರು. ದಾರಿಯಿಂದಲೇ ಫೋನು ಬಂತು. ಚೀಲದ ನೀರು ಗಂಜಿಯಂತಾಗಿದೆ, ಮರಿಗಳು ಮಗುಚಿಕೊಂಡು ತೇಲುತ್ತಿವೆ ಎಂದರು.

ಸಂಘದ ಅಧ್ಯಕ್ಷೆ ಗಂಗಲಕ್ಷ್ಮಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಸಂಘದಲ್ಲಿ ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದವಳು ನಾನೊಬ್ಬಳೇ. ನಾನು ಹೂಂ, ಹೂಂ ಎಂದು ಕೇಳಿಸಿಕೊಂಡು ವಾಪಸ್ಸು ಕೊಟ್ಟೆ. ನನಗೆ ಎದುರು ನಿಂತವರ ಜೊತೆ ಮಾತಾಡುವುದೇ ಕಷ್ಟ, ಕಾಣದವರ ಜೊತೆ ಇನ್ನೂ ಕಷ್ಟ. ಕಾಲೇಜಿನಲ್ಲಿ ಹಾಜರಿಗೆ ವನಜಾಕ್ಷಿ ಎಂದು ಕೂಗಿದಾಗಲೂ ನನ್ನ ದನಿ ಮೇಷ್ಟರಿಗೆ ಕೇಳದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ.

ಪಂಚಾಯಿತಿಯವರು ಬೈಯಲಿಲ್ಲ. ಇನ್ನೊಂದು ಸಲ ನೋಡಿ, ಆಗಲೂ ಹೀಗಾದರೆ ಹೊಂಡಗಳನ್ನು ಬೇರೆ ಯಾರಿಗಾದರೂ ಕೊಡುತ್ತೇವೆ ಎಂದರು, ಅಷ್ಟೇ. ಗಂಗಲಕ್ಷ್ಮಮ್ಮನವರಿಗೆ ಅದು ಸಂಘದ ಮರ್ಯಾದೆಯ ಮಾತಾಗಿ ಕೇಳಿಸಿತು. ನನಗೆ ಬೇರೆಯೇ ಕೇಳಿಸಿತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ದಿನಾ ಬೆಳಿಗ್ಗೆ ಎದ್ದು ಹೋಗಲು ಇದ್ದ ಜಾಗ ಆ ಎರಡು ಹೊಂಡಗಳ ದಂಡೆ. ಅಲ್ಲಿ ಯಾರೂ ನನ್ನನ್ನು ಮಾತಾಡು ಎಂದು ಕಾಡುತ್ತಿರಲಿಲ್ಲ. ಮೀನುಗಳಿಗಂತೂ ಆ ಹಂಬಲವೇ ಇಲ್ಲ.

ಹಿಂಡಿ ಇಟ್ಟಿದ್ದ ಕೋಣೆಗೆ ಹೋಗಿ ಮೂಟೆ ಬಿಚ್ಚಿ ನೋಡಿದೆ. ಮಳೆಗಾಲದ ತಂಡಿಗೆ ತಳದ ಹಿಂಡಿ ಬೂಸ್ಟು ಹಿಡಿದು ಹಸಿರುಗಪ್ಪಾಗಿತ್ತು. ಮೂಗಿಗೆ ಹಿಡಿದರೆ ಹಳೇ ಗೋಣಿಯ ವಾಸನೆ. ಅದನ್ನು ತಿಂದ ಮರಿಯ ಮೈ ಬೆಳೆಯುತ್ತದೆ, ಈಲಿ, ಅಂದರೆ ಲಿವರು, ಕೆಡುತ್ತದೆ. ಹೊಂಡದಲ್ಲಿ ಹಾಯಾಗಿರುವ ತನಕ ಏನೂ ಗೊತ್ತಾಗುವುದಿಲ್ಲ. ಬಲೆ ಎಳೆದು, ಒತ್ತೊತ್ತಾಗಿ ಚೀಲಕ್ಕೆ ತುಂಬಿ, ರಸ್ತೆಯ ಮೇಲೆ ಕುಲುಕಿದಾಗ ಮೈಯಲ್ಲಿ ತಡೆಯುವ ಕಸುವು ಇರುವುದಿಲ್ಲ. ಅದರ ಜೊತೆಗೆ ನಾವು ಬೇರೆ ಹೊರಡುವ ಹೊತ್ತಿಗೆ ಹೊಟ್ಟೆ ತುಂಬ ತಿನ್ನಿಸಿದ್ದೆವು. ತಿಂದದ್ದೆಲ್ಲ ಚೀಲದ ನೀರಿಗೇ ಬಿದ್ದು, ನೀರೇ ವಿಷವಾಗಿತ್ತು.

ಇದನ್ನೆಲ್ಲ ನಾನು ಸಂಘದ ಸಭೆಯಲ್ಲಿ ಹೇಳಲಿಲ್ಲ, ಮನೆಯಲ್ಲಿ ಕೆಂಪಕ್ಕನಿಗೆ ಹೇಳಿದೆ. ಕೆಂಪಕ್ಕ ಊರಿಗೆಲ್ಲ ಕೆಂಪಕ್ಕ, ನನಗೆ ದೊಡ್ಡಮ್ಮನಾಗಬೇಕು. ಕುರಿ ಮಂದೆಯ ಮನೆಯಲ್ಲಿ ಹುಟ್ಟಿ ಕುರಿ ಮಂದೆಯ ಮನೆಗೇ ಸೇರಿದವಳು. ಅವಳು ಇಲ್ಲಿಂದ ಕರೆದರೆ ಕೆರೆಯ ಆಚೆ ದಂಡೆಯ ಕುರಿ ತಲೆಯೆತ್ತಿ ನೋಡುತ್ತದೆ. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದನ್ನು ಅವಳು ಸಭೆಯಲ್ಲಿ ಡಂಗುರ ಹೊಡೆದಂತೆ ಹೇಳಿದಳು. ಹೀಗೆ ನನ್ನ ಮಾತಿಗೆಲ್ಲ ಅವಳದೇ ಗಂಟಲು. ಬೂಸ್ಟು ಹಿಡಿದ ಹಿಂಡಿಯನ್ನು ಅವಳೇ ಗುಂಡಿ ತೋಡಿ ಹೂಳಿಸಿದಳು.

ಎರಡನೆಯ ಸಲದ ಮರಿಗಳಿಗೆ ಗಾಣದಿಂದ ಆಗಾಗ ತಂದ ಹೊಸ ಹಿಂಡಿ ಹಾಕಿದೆವು. ಶಿರಾದಲ್ಲಿ ರೇಷ್ಮೆ ನೂಲು ಬಿಚ್ಚುವ ಅಮೀರ್ ಬಿ ಅವರ ಮನೆಯಿಂದ ನೂಲು ತೆಗೆದುಳಿದ ಹುಳ ತರಿಸಿ, ಒಣಗಿಸಿ ಕುಟ್ಟಿ ಬೆರೆಸಿದೆವು. ಆ ವಾಸನೆಗೆ ಗಂಗಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಹೊಂಡದ ಹತ್ತಿರ ಬರುತ್ತಿದ್ದರು. ಕೊನೆಗೆ ನೆರಳಲ್ಲಿ ಒಣಗಿಸಿದ ಬೆಟ್ಟದ ನೆಲ್ಲಿಕಾಯಿಯ ಪುಡಿ. ಗಾಬರಿಯಾದಾಗ ಮೀನಿನ ಮೈಯೊಳಗೆ ಮೊದಲು ಖರ್ಚಾಗುವುದು ನೆಲ್ಲಿಕಾಯಿಯಲ್ಲಿರುವಂಥ ಸತ್ವ. ಈ ಮರಿಗಳು ಅದನ್ನು ತಾವೇ ಮಾಡಿಕೊಳ್ಳಲಾರವು, ಮೇವಿನಲ್ಲೇ ಕೊಡಬೇಕು. ಮೀನಿಗೆ ನೆಲ್ಲಿಕಾಯಿ ತಿನ್ನಿಸುವ ಹುಡುಗಿ ಅಂತ ಊರಲ್ಲಿ ನನಗೆ ಹೆಸರಾಯಿತು. ಬಸುರಿ ಯಾವಳಮ್ಮ, ಕಾಟ್ಲಾನೋ ರೋಹುನೋ ಎಂದು ಕೇಳುವವರು ಕೇಳಿದರು.

ಆಮೇಲೆ ದಿನಬಿಟ್ಟು ದಿನ ಬೆಳಿಗ್ಗೆ ಹೊಂಡದಲ್ಲಿ ಸುಮ್ಮನೆ ಬಲೆ ಎಳೆದು ಬಿಡುತ್ತಿದ್ದೆವು, ಮರಿಗಳಿಗೆ ಆ ಗಲಾಟೆ ಅಭ್ಯಾಸವಾಗಲಿ ಎಂದು. ಕೆಂಪಕ್ಕನಿಗೆ ಇದು ಹಿಡಿಸಲಿಲ್ಲ. ಎಳೇ ಕೂಸುಗಳನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀ ಎಂದು ಗೊಣಗುತ್ತಲೇ ಬಲೆಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಒಂದು ದಿನ ಅವಳನ್ನು ಕೂರಿಸಿ, ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೆಲವು ಮರಿಗಳನ್ನು ಬಿಟ್ಟು, ಕೈಯಿಂದ ನೀರನ್ನು ಸುತ್ತ ತಿರುಗಿಸಿ ತೋರಿಸಿದೆ. ಕಸುವಿಲ್ಲದ ಮರಿಗಳು ಸುಳಿಯ ಜೊತೆಗೇ ಸುತ್ತಿ ನಡುವೆ ಬಂದು ಗುಂಪಾಗುತ್ತವೆ. ಗಟ್ಟಿಯಿರುವವು ಅಂಚಿಗೆ ಹೋಗಿ ನೀರಿಗೆ ಎದುರಾಗಿ ಈಜುತ್ತವೆ. ನಮ್ಮವು ಒಂದೆರಡು ಬಿಟ್ಟು ಮಿಕ್ಕೆಲ್ಲ ಅಂಚಿನಲ್ಲಿದ್ದವು. ಕೆಂಪಕ್ಕ ಬಹಳ ಹೊತ್ತು ನೋಡಿದಳು. ತಾನೂ ಒಮ್ಮೆ ಕೈ ಹಾಕಿ ನೀರು ತಿರುಗಿಸಿದಳು.

ಈ ಸಲದ ಮರಿಗಳನ್ನು ಕೊಳ್ಳಲು ಒಪ್ಪಿದವರು ಪಾವಗಡದ ಕಡೆ, ವೈ.ಎನ್.ಹೊಸಕೋಟೆಯ ರಾಮಾಂಜಿನಮ್ಮ. ಅವರ ಕಡಲೆಕಾಯಿ ಹೊಲದ ತಗ್ಗಿನಲ್ಲಿ ತೋಡಿಸಿದ ದೊಡ್ಡ ಹೊಂಡ ಈ ವರ್ಷ ತುಂಬಿತ್ತು. ಹತ್ತಿರದವರು ಯಾರೂ ನಮ್ಮ ಮರಿ ಕೇಳುತ್ತಿರಲಿಲ್ಲ. ನಮ್ಮ ಹಳೆಯ ಕಥೆ ಅಲ್ಲಿಯವರೆಗೆ ಮುಟ್ಟಿರಲಿಲ್ಲ ಅನಿಸುತ್ತದೆ, ಅಥವಾ ಇಜಾಜಣ್ಣ ಮುಟ್ಟಲು ಬಿಟ್ಟಿರಲಿಲ್ಲ.

ಕಳಿಸುವ ಹಿಂದಿನ ದಿನ ಮಧ್ಯಾಹ್ನ ಮರಿಗಳನ್ನೆಲ್ಲ ಹಿಡಿದು, ಹೊಂಡದೊಳಗೇ ಗೂಟಗಳಿಗೆ ಕಟ್ಟಿದ ಸೊಳ್ಳೆ ಪರದೆಯಂಥ ಬಲೆಯ ತೊಟ್ಟಿಗೆ ಬಿಟ್ಟೆವು. ಇನ್ನು ಮೇವಿಲ್ಲ, ಹೊಟ್ಟೆ ಖಾಲಿಯಾಗಬೇಕು ಎಂದು ಎಲ್ಲರಿಗೂ ಹೇಳಿಸಿದ್ದೆ. ಹೇಳಿಸಿದ್ದು ಕೆಂಪಕ್ಕನ ಕೈಯಲ್ಲೇ. ಅವತ್ತು ಅವಳ ದನಿ ಎಂದಿನಷ್ಟು ಜೋರಿರಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಬೆಳಕು ಹರಿಯುವ ಹೊತ್ತಿಗೆ ಹೊಂಡಕ್ಕೆ ಹೋದೆ. ಇಜಾಜಣ್ಣನ ಟೆಂಪೊ ಆಗಲೇ ಏರಿಯ ಕೆಳಗೆ ನಿಂತಿತ್ತು. ಚೀಲಗಳಿಗೆ ನೀರು ತುಂಬುವ ಕೆಲಸ ಶುರುವಾಗಿತ್ತು. ನಾನು ನೀರಿಗಿಳಿದು ಬಲೆಯ ತೊಟ್ಟಿಯ ಒಂದು ಮೂಲೆ ಎತ್ತಿದೆ. ಬಲೆಯ ಮಡಿಕೆಯಲ್ಲಿ ನೆನೆದ ತೌಡು ಕಚ್ಚಿಕೊಂಡಿತ್ತು. ಮರಿಗಳ ಹೊಟ್ಟೆ ಉಬ್ಬಿತ್ತು. ಒಂದೊಂದರ ಹಿಂದೆಯೂ ಕಂದು ಬಣ್ಣದ ಎಳೆ ಜೋತಾಡುತ್ತಿತ್ತು. ಯಾರೋ ಆಗತಾನೆ ಚೆನ್ನಾಗಿ ತಿನ್ನಿಸಿದ್ದರು.

ನಡುಮಟ್ಟದ ನೀರಿನಲ್ಲಿ ಹಾಗೇ ನಿಂತೆ. ದಂಡೆಯ ಮೇಲೆ ಎಲ್ಲರೂ ಇದ್ದರು. ಕೆಂಪಕ್ಕನನ್ನು ಹುಡುಕಿದೆ, ನನ್ನ ಪರವಾಗಿ ಹೇಳಲಿ ಎಂದು. ಅವಳು ಬೇರೆ ಕಡೆ ಮುಖ ಮಾಡಿ ಚೀಲ ಜೋಡಿಸುತ್ತಿದ್ದಳು. ಅವಳ ಸೆರಗಿನ ತುದಿಯಲ್ಲಿ ತೌಡಿನ ಪುಡಿ ಇತ್ತು.

"ಇವತ್ತು ಕಳಿಸೋದು ಬೇಡ," ಎಂದೆ.

ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. ನನ್ನ ದನಿ ನನಗೇ ಪರಕೀಯವಾಗಿ, ಕೀರಲಾಗಿ ಕೇಳಿಸಿತು. ಈ ಸಲ ಎಲ್ಲರೂ ತಿರುಗಿದರು.

ಇಜಾಜಣ್ಣ ಸಿಲಿಂಡರಿನ ಮೇಲಿನ ಕೈ ತೆಗೆಯಲಿಲ್ಲ. "ಏನ್ ತಂಗಿ ಇದು? ಗಾಡಿ ತಂದೀನಿ, ಆಕ್ಸಿಜನ್ ತಂದೀನಿ, ಅಲ್ಲಿ ಹೊಸಕೋಟೆಯಮ್ಮ ಹೊಂಡದ್ ಪಕ್ಕ ಕುರ್ಚಿ ಹಾಕ್ಕೊಂಡು ಕೂತವ್ರೆ. ಈಗ ಬೇಡ ಅಂದ್ರೆ ಹೆಂಗೆ?"

"ಮರಿಗಳ ಹೊಟ್ಟೆ ತುಂಬಿದೆ ಅಣ್ಣ. ಹೋದ ಸಲದ ಹಾಗೇ ಆಗುತ್ತೆ."

ಯಾರು ಹಾಕಿದ್ದು, ಯಾರು ಹಾಕಿದ್ದು ಎಂದು ಗುಲ್ಲೆದ್ದಿತು. ನಾನು ಬಾಯಿ ಬಿಡಲಿಲ್ಲ. ಗಂಗಲಕ್ಷ್ಮಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೆಂಪಕ್ಕನ ಹತ್ತಿರ ನಿಂತರು.

"ನಾನೇ ಕಣಮ್ಮ ಹಾಕ್ದೋಳು," ಎಂದಳು ಕೆಂಪಕ್ಕ. "ನಮ್ಮಟ್ಟೀಲಿ ಮಾರಿದ್ ಕುರಿಮರಿಗೂ ಒಂದಿಡಿ ಹುಳ್ಳಿ ತಿನ್ನಿಸ್ಬುಟ್ಟೇ ಹಗ್ಗ ಕೈಗೆ ಕೊಡೋದು. ಹಸ್ಕೊಂಡು ಹೊಸ್ಲು ದಾಟಿಸಿದ್ದಿಲ್ಲ. ಇವು ನಾನ್ ಬಂದ್ ಸದ್ದಿಗೇ ಬಾಯ್ ಬುಟ್ಕೊಂಡು ಮೇಲಕ್ ಬಂದ್ವು. ಹೆಂಗ್ ತಡ್ಕೊಳ್ಳಾನ?"

"ಅಂಗಾದ್ರೆ ಅರಿಶಿನ ಕುಂಕುಮ ಹಚ್ಚಿ ಮಡ್ಲಕ್ಕಿನೂ ಕಟ್ಬುಡಬೇಕಿತ್ತು," ಎಂದರು ಗಂಗಲಕ್ಷ್ಮಮ್ಮ. ಯಾರೋ ಕಿಸಕ್ಕೆಂದರು. ಕೆಂಪಕ್ಕ ನಗಲಿಲ್ಲ. ಹೊಂಡ ಹೋದರೆ ನಿನ್ನ ಹೆಸರಲ್ಲೇ ಹೋಗುತ್ತದೆ ಎಂದು ಗಂಗಲಕ್ಷ್ಮಮ್ಮ ಇನ್ನೂ ಏನೇನೋ ಅಂದರು. ಈಗಲೇ ಕಳಿಸಿಬಿಡೋಣ, ಈ ಸಲ ಒಳ್ಳೇ ಮೇವು ತಿಂದಿವೆ, ತಡೆಯುತ್ತವೆ ಎನ್ನುವವರೂ ಇದ್ದರು. ಇವತ್ತು ಕಳಿಸದಿದ್ದರೆ ಆಯಮ್ಮ ಬೇಡವೇ ಬೇಡ ಎಂದುಬಿಟ್ಟರೆ ಏನು ಗತಿ ಎನ್ನುವುದು ಅವರ ಭಯ. ಅದು ಸುಳ್ಳು ಭಯವಲ್ಲ.

ಕೊನೆಗೆ ದಾರಿ ತೋರಿಸಿದವರು ಇಜಾಜಣ್ಣ. ಒಂದೇ ಒಂದು ಚೀಲ ಕಟ್ಟಿ ಬೇವಿನ ಮರದ ನೆರಳಿನಲ್ಲಿ ಇಡೋಣ, ಆಗಾಗ ಕುಲುಕೋಣ. ವನಜಾಕ್ಷಿ ಹೇಳಿದಂತೆ ನೀರು ಕೆಟ್ಟರೆ ನಾಳೆ ನಾನೇ ಇನ್ನೊಂದು ಸಲ ಗಾಡಿ ತರುತ್ತೇನೆ. ಕೆಡದಿದ್ದರೆ ಮಧ್ಯಾಹ್ನವೇ ಹೊರಡುವುದು, ಆಮೇಲೆ ಯಾರೂ ಸೊಲ್ಲೆತ್ತಬಾರದು ಎಂದರು. ಎಲ್ಲರೂ ಒಪ್ಪಿದರು.

ಆದರೆ ಹೊಸಕೋಟೆಗೆ ಹೇಳಬೇಕಲ್ಲ. ಇಜಾಜಣ್ಣ ನಂಬರು ಒತ್ತಿ, ನೀನೇ ಮಾತಾಡು, ಬೇಡ ಅಂದವಳು ನೀನು ಎಂದು ಫೋನು ಕೊಟ್ಟರು. ನಾನು ಗಾಡಿಯ ಮರೆಗೆ ಹೋಗಿ ನಿಂತೆ. ಮರಿಗಳು ಇವತ್ತು ಬಂದರೆ ಸತ್ತು ಬರುತ್ತವೆ, ನಾಳೆ ಬಂದರೆ ಬದುಕಿ ಬರುತ್ತವೆ ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ಹೋದ ಸಲದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅಷ್ಟು ಉದ್ದಕ್ಕೆ ನಾನು ಫೋನಿನಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ.

"ನಿನ್ ಗೊಂತು ಇಷ್ಟು ಸಣ್ಣಕೈತಲ್ಲ ಅಮ್ಮಾಯಿ, ಸುಳ್ಳು ಹೇಳೋರ ದನಿ ಇಂಗಿರಲ್ಲ," ಎಂದರು ರಾಮಾಂಜಿನಮ್ಮ, ಅರ್ಧ ತೆಲುಗಿನಲ್ಲಿ. "ಸರೇ, ರೇಪು ತೀಸ್ಕೊನಿ ರಾ, ನಾಳೇನೇ ತಗೊಂಡ್ ಬಾ. ನಾಳೇನೂ ಸತ್ತಿದ್ವು ಅಂದ್ರೆ ಮಾತ್ರ ಇನ್ನೊಂದ್ಸಲ ಫೋನೇ ಎತ್ತಲ್ಲ, ನೋಡು."

ಬೇವಿನ ಕೆಳಗಿನ ಚೀಲದ ಪಕ್ಕ ಕೆಂಪಕ್ಕ ಕೂತಳು. ಊಟಕ್ಕೂ ಏಳಲಿಲ್ಲ. ಮೊದಲು ನೀರು ತಿಳಿಯಾಗಿಯೇ ಇತ್ತು, ಮರಿಗಳು ಓಡಾಡುತ್ತಿದ್ದವು. ಗಂಗಲಕ್ಷ್ಮಮ್ಮ ನನ್ನ ಕಡೆ ನೋಡುವ ನೋಟದ ಕಾವು ನೆತ್ತಿಯ ಬಿಸಿಲಿನ ಜೊತೆ ಏರುತ್ತ ಹೋಯಿತು. ಆಮೇಲೆ ನೀರು ನಿಧಾನಕ್ಕೆ ಮಾಸಿತು. ಮರಿಗಳು ಒಂದೊಂದೇ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಒಂದು ಪಕ್ಕಕ್ಕೆ ವಾಲಿತು. ಯಾರೂ ಹೇಳುವ ಮೊದಲೇ ಕೆಂಪಕ್ಕ ಹಲ್ಲಿನಲ್ಲಿ ಕಚ್ಚಿ ಚೀಲದ ಗಂಟು ಬಿಚ್ಚಿದಳು, ಎರಡೂ ಕೈಯಲ್ಲಿ ತಬ್ಬಿಕೊಂಡು ಹೋಗಿ ಹೊಂಡದ ತಿಳಿನೀರಿಗೆ ಸುರಿದಳು. ಒಂದಿಷ್ಟು ಚೇತರಿಸಿಕೊಂಡವು, ಒಂದಿಷ್ಟು ತೇಲಿದವು.

ಅವಳು ನೀರಿನಲ್ಲೇ ನಿಂತು ಕೇಳಿದಳು. "ಹೋದ್ಸಲ ನಾನೇ ಎಲ್ರಿಗಿಂತ ಜಾಸ್ತಿ ಹಾಕಿದ್ದೆ, ಅಲ್ವೇನೇ ವನಜಿ?"

ಎಲ್ಲರೂ ಹಾಕಿದ್ದೆವು ದೊಡ್ಡಮ್ಮ, ನಾನೂ ಹಾಕಿದ್ದೆ ಎಂದೆ. ಅವಳು ತಲೆಯಾಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಅಂದು ಸಂಜೆವರೆಗೂ ಅವಳು ಹೊಂಡ ಕಾದಳು. ಮೇವಿನ ಡಬ್ಬಿಯನ್ನು ಮನೆಗೆ ಒಯ್ದು ಬೀಗ ಹಾಕಿಸಿದಳು, ಬೀಗದ ಕೈಯನ್ನು ನನಗೆ ಕೊಟ್ಟಳು. ನನ್ನ ಕೈಯಲ್ಲಿದ್ದರೆ ನನ್ನನ್ನೇ ನಾನು ನಂಬೆ ಎಂದಳು. ದಂಡೆಗೆ ಬಂದವರನ್ನೆಲ್ಲ, ಸೆರಗು ಕೊಡವಿ ತೋರಿಸಿ ಹೋಗಿ ಎಂದು ಗದರಿಸುತ್ತಿದ್ದಳಂತೆ. ಗಂಗಲಕ್ಷ್ಮಮ್ಮನವರ ಸೆರಗನ್ನೂ ಬಿಡಲಿಲ್ಲವಂತೆ.

ಮಾರನೆಯ ಬೆಳಿಗ್ಗೆ ಮರಿಗಳ ಹೊಟ್ಟೆ ಚಪ್ಪಟೆಯಾಗಿತ್ತು. ಚೀಲಗಳನ್ನು ಕಟ್ಟಿ ಟೆಂಪೊದಲ್ಲಿ ಒದ್ದೆ ಗೋಣಿ ಹೊದಿಸಿ ಹೊರಟೆವು. ಇಜಾಜಣ್ಣನ ಪಕ್ಕ ನಾನು, ನನ್ನ ಪಕ್ಕ ಕೆಂಪಕ್ಕ. ದೊಡ್ಡ ರಸ್ತೆಯ ತನಕ ಚೆನ್ನಾಗಿಯೇ ಹೋದೆವು. ಆಂಧ್ರದ ತುಂಡು ನೆಲವೊಂದನ್ನು ದಾಟಿ ಮತ್ತೆ ಪಾವಗಡದ ಸೀಮೆಗೆ ಬಂದು, ದೂರದಲ್ಲಿ ನಿಡುಗಲ್ ಬೆಟ್ಟ ಕಾಣುವ ಹೊತ್ತಿಗೆ ಹಿಂದಿನ ಟೈರು ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಇಜಾಜಣ್ಣ ಅಲ್ಲಾಹ್ ಎಂದು ಹಣೆ ಒತ್ತಿಕೊಂಡು, ದಾರಿಯಲ್ಲಿ ಬಂದ ಬೈಕಿನ ಹಿಂದೆ ಟೈರು ಹಿಡಿದು ಕೂತು ಹೋದರು.

ಬಿಸಿಲು ಏರುತ್ತಿತ್ತು. ಟೆಂಪೊದ ತಗಡು ಮುಟ್ಟಲಾಗುತ್ತಿರಲಿಲ್ಲ. ಚೀಲಗಳ ಮೇಲೆ ಕೈಯಿಟ್ಟರೆ ನೀರು ಬೆಚ್ಚಗಾಗುತ್ತಿರುವುದು ಗೊತ್ತಾಗುತ್ತಿತ್ತು. ಕೆಂಪಕ್ಕ ಕೆಳಗಿಳಿದು ರಸ್ತೆಯ ಎರಡೂ ಕಡೆ ನೋಡಿದಳು. ಸ್ವಲ್ಪ ದೂರದ ಹುಣಸೆ ಮರ ತೋರಿಸಿ, ಮಂದೆ ತರುಬೋ ಹೊತ್ತಲ್ವಾ, ನೆರಳಿಗೆ ಹೊಡಿ ಎಂದಳು. ಇಬ್ಬರೂ ಒಂದೊಂದೇ ಚೀಲ ಎತ್ತಿಕೊಂಡು ಹೋಗಿ ಮರದ ಬುಡದಲ್ಲಿ ಇಟ್ಟೆವು. ಕೂಗಳತೆಯಲ್ಲಿದ್ದ ಬೋರಿನ ಮನೆಯಿಂದ ಅವಳು ಬಿಂದಿಗೆಯಲ್ಲಿ ನೀರು ತಂದು ಗೋಣಿಗೆ ಹಾಕಿದಳು. ಒಣಗಿದ ಹಾಗೆಲ್ಲ ಹಾಕಿದಳು. ನಾನು ಚೀಲದಿಂದ ಚೀಲಕ್ಕೆ ಬಗ್ಗಿ ನೋಡುತ್ತಿದ್ದೆ. ನೀರು ತಿಳಿಯಾಗಿತ್ತು. ಮರಿಗಳು ತಳದ ಕಡೆ ಮುಖ ಮಾಡಿ ಕಿವಿರು ಆಡಿಸುತ್ತಿದ್ದವು. ಎಷ್ಟು ಹೊತ್ತು ಹೀಗಿದ್ದಾವು ಎಂದು ಯಾವ ಪುಸ್ತಕದಲ್ಲೂ ನನಗೆ ಹೇಳಿರಲಿಲ್ಲ.

ಇಜಾಜಣ್ಣ ಮರಳಿ ಬಂದು ಟೈರು ಹಾಕಿ, ನಾವು ಹೊಸಕೋಟೆ ಸೇರಿದಾಗ ಇಳಿಹೊತ್ತು. ರಾಮಾಂಜಿನಮ್ಮ ದಪ್ಪ ಕನ್ನಡಕದ, ತೆಳ್ಳಗಿನ ಹೆಂಗಸು. ನಿಜವಾಗಿಯೂ ಹೊಂಡದ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ನಮ್ಮ ಮುಖ ನೋಡುವ ಮೊದಲು ಚೀಲ ನೋಡಿದರು. ಬದುಕಿವೆ ಎಂದು ಗೊತ್ತಾದ ಕೂಡಲೇ ಸುರಿಯಿರಿ ಎಂದರು. ಚೀಲದ ನೀರೂ ಹೊಂಡದ ನೀರೂ ಒಂದೇ ಹದಕ್ಕೆ ತಣ್ಣಗಾಗುವ ತನಕ ಚೀಲಗಳನ್ನು ತೇಲಬಿಡಬೇಕು ಎಂದೆ. ಇಷ್ಟು ಹೊತ್ತು ಕಾದಿದ್ದು ಸಾಲದಾ ಎಂದರು. ಸಾಲದು ಅಮ್ಮ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ, ಮತ್ತೆ ಕುರ್ಚಿಯಲ್ಲಿ ಕೂತರು.

ಆಮೇಲೆ ಚೀಲದ ಬಾಯಿ ಬಿಚ್ಚಿ ನೀರಿಗೆ ಬಾಗಿಸಿದೆವು. ಮರಿಗಳು ತಾವಾಗಿ ಹೊರಬಂದು ಕೆಮ್ಮಣ್ಣಿನ ನೀರಿನಲ್ಲಿ ಇಳಿದು ಕಾಣದಾದವು. ಹಾಗೆ ಕಾಣದಾದದ್ದೇ ತೊಂದರೆ. ದಾರಿಯಲ್ಲಿ ಬಳಲಿದ ಮರಿಗಳು ಆಗಲೇ ಸಾಯುವುದಿಲ್ಲ. ಚೆನ್ನಾಗಿ ಈಜಿಕೊಂಡು ಹೋಗಿ ಮಾರನೆಯ ದಿನ ತೇಲುತ್ತವೆ. ಇದನ್ನು ಹೇಳದೆ ಹೊರಟುಬಿಡಬಹುದಿತ್ತು. ಹೇಳಿದೆ. ಹಾಗಾದರೆ ನಾಳೆ ನೋಡಿಕೊಂಡೇ ಹೋಗಿ ಎಂದು ರಾಮಾಂಜಿನಮ್ಮ ನಮ್ಮನ್ನು ತಮ್ಮ ಮನೆಯಲ್ಲಿ ಉಳಿಸಿಕೊಂಡರು. ಮುದ್ದೆ, ಕಡಲೆಬೀಜದ ಚಟ್ನಿ ಬಡಿಸಿದರು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕೆಂಪಕ್ಕ ಹೊಂಡವನ್ನು ಒಂದು ಸುತ್ತು ಬಂದಿದ್ದಳು. ರಾಮಾಂಜಿನಮ್ಮ ಇನ್ನೊಂದು ಕಡೆಯಿಂದ ಬರುತ್ತಿದ್ದರು. ಇಬ್ಬರೂ ನೀರಿನ ಅಂಚನ್ನೇ ನೋಡುತ್ತಿದ್ದರು. ಗಾಳಿಗೆ ಒಂದು ಮೂಲೆಯಲ್ಲಿ ಕಸಕಡ್ಡಿ ಗುಂಪಾಗಿತ್ತು. ಸತ್ತದ್ದಿದ್ದರೆ ಅಲ್ಲೇ ಇರಬೇಕು. ಇಜಾಜಣ್ಣ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಕಡ್ಡಿಗಳನ್ನು ಸರಿಸಿದರು. ಎರಡು ಸಿಕ್ಕವು, ಮತ್ತೊಂದು. ಅಷ್ಟೇ. ಆದರೂ ರಾಮಾಂಜಿನಮ್ಮನವರ ಮುಖದ ಬಿಗುವು ಬಿಡಲಿಲ್ಲ. ತಳದಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದರು.

ಆಗ ವಿದ್ಯುತ್ ತಂತಿಯ ಮೇಲೆ ಕೂತಿದ್ದ ಮಿಂಚುಳ್ಳಿಯೊಂದು ನೆಟ್ಟಗೆ ನೀರಿಗೆ ಬಿತ್ತು. ಚಿಮ್ಮಿ ಎದ್ದಿತು, ಕೊಕ್ಕು ಖಾಲಿ. ತಂತಿಗೆ ಹೋಗಿ ಕೂತು ಮೈ ಕೊಡವಿತು, ಮತ್ತೆ ಬಿತ್ತು. ಅದು ಬಿದ್ದ ಜಾಗದಿಂದ ನೀರಿನ ಮೇಲ್ಮೈ ಒಮ್ಮೆಲೇ ಚದುರಿತು, ಮಳೆ ಹನಿಗಳು ಕೆಳಗಿನಿಂದ ಮೇಲಕ್ಕೆ ಬಿದ್ದ ಹಾಗೆ. ನೂರಾರು ಮರಿಗಳು ಒಟ್ಟಿಗೆ ತಿರುಗಿ ಓಡಿದ್ದವು. ಈ ಸಲವೂ ಹಕ್ಕಿಯ ಕೊಕ್ಕು ಖಾಲಿ.

"ನಿನ್ ಬಾಯಿಗೆ ಮಣ್ಣಾಕ," ಎಂದು ಕೆಂಪಕ್ಕ ಕಲ್ಲೆತ್ತಿಕೊಂಡಳು. ಕೆರೆಯ ಆಚೆ ದಂಡೆಗೆ ಕೇಳುವ ಅದೇ ದನಿ.

ರಾಮಾಂಜಿನಮ್ಮ ಅವಳ ಕೈ ಹಿಡಿದು ತಡೆದರು. ಇನ್ನೊಂದ್ಸಲ ಬೀಳಲಿ ಇರಮ್ಮ, ನಾನು ಸರಿಯಾಗಿ ನೋಡಲಿಲ್ಲ ಎಂದರು. ಹಕ್ಕಿ ಬೀಳಲಿಲ್ಲ, ತಂತಿ ಬಿಟ್ಟು ಹಾರಿಹೋಯಿತು. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿ ಕುರ್ಚಿಯನ್ನು ನನ್ನ ಕಡೆ ಎಳೆದರು.

"ಕೂತ್ಕೋ ಅಮ್ಮಾಯಿ. ಇವಕ್ಕೆ ಏನೇನ್ ಹಾಕ್ಬೇಕು, ಯಾವಾಗ್ ಹಾಕ್ಬಾರ್ದು, ಮೊದ್ಲಿಂದ ಹೇಳು. ಪಕ್ಕದ್ ಹೊಲದೋರೂ ಹೊಂಡ ತೋಡಿಸ್ತಾವ್ರೆ, ಅವ್ರನ್ನೂ ಕರೀತೀನಿ. ನಿಮ್ ಮುಂದಿನ್ ಮರಿ ಅವ್ರಿಗೇ."

ಅವರು ಕೂಗಿದ ಕೂಗಿಗೆ ಬದುವಿನ ಮೇಲಿಂದ ಯಾರೋ ನಾಲ್ಕಾರು ಜನ ಬರುವುದು ಕಾಣಿಸಿತು. ನಾನು ಕೆಂಪಕ್ಕನ ಕಡೆ ನೋಡಿದೆ. ಅವಳು ನೀರಿನ ಕಡೆ ತಿರುಗಿಕೊಂಡು ನಿಂತಿದ್ದಳು, ನನಗೆ ಬೇಕೆಂದೇ ಬೆನ್ನು ಕೊಟ್ಟು. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅದರ ಬೆನ್ನು ಹಿಡಿದು ನಿಂತು, ಮೊದಲು ಹಿಂಡಿಯನ್ನು ಮೂಸಿ ನೋಡಬೇಕು ಎಂದು ಶುರು ಮಾಡಿದೆ.